ಬಾಗಿಲು ದಾಟಿದ ಬಾಜಾ

ಅವರ ಬಲಗೈ ಹೆಬ್ಬೆರಳಿನ ಮೇಲೆ ಹುಣಸೆ ಬೀಜದಷ್ಟು ದಪ್ಪದ ಕರೀ ಗಂಟೊಂದಿತ್ತು. ಕ್ಲಾರಿನೆಟ್ಟಿನ ಭಾರವೆಲ್ಲ ಬೀಳುವುದು ಆ ಬೆರಳಿನ ಮೇಲೆಯೇ. ಮಾತಾಡುವಾಗ ಎಡಗೈಯಿಂದ ಅದನ್ನು ತಿಕ್ಕುತ್ತಲೇ ಇರುತ್ತಿದ್ದರು. ಸವಣೂರಿನ ಮದುವೆ ಬ್ಯಾಂಡಿನ ಹಿರಿಯರು ಅವರು. ಊರಿಗೆಲ್ಲ ಚಾಚಾ, ಹಾನಗಲ್ಲಿನಲ್ಲಿ ಮಕ್ಕಳಿಗೆ ಪಿಟೀಲು ಕಲಿಸುವ ನನಗೂ ಚಾಚಾ. ಮದುವೆ ಸೀಜನ್ ಮುಗಿಯುವ ತನಕ ಅವರು ಆ ಊರಿನ ಹೆಸರಾಂತ ತಿನಿಸಾದ ಖಾರಾ ಬಾಯಿಗೆ ಹಾಕುತ್ತಿರಲಿಲ್ಲ. ಸವಣೂರಿನಲ್ಲಿ ಹುಟ್ಟಿ ಖಾರಾ ಬಿಟ್ಟ ಇನ್ನೊಬ್ಬ ಮನುಷ್ಯನನ್ನು ನಾನಂತೂ ಕಂಡಿಲ್ಲ. ಕೇಳಿದರೆ, "ತುಟಿ ಉರದರ ಸುರ ಓಡಿ ಹೋಗತೈತ್ರಿ ಸರ," ಎನ್ನುತ್ತಿದ್ದರು.

ಅವರ ಪರಿಚಯವಾದದ್ದು ಹಾನಗಲ್ಲಿನ ಕಲ್ಯಾಣ ಮಂಟಪದ ಹೊರಗೆ, ಬೇವಿನ ಗಿಡದ ನೆರಳಿನಲ್ಲಿ. ನಮ್ಮ ಕಡೆ ಬ್ಯಾಂಡಿನವರು ಮದುಮಗನನ್ನು ಬಾಗಿಲಿಗೆ ಮುಟ್ಟಿಸಿ, ಹೊಸ್ತಿಲ ಮುಂದೆ ಬಾಜಾ ನಿಲ್ಲಿಸಬೇಕು. ಒಳಗೇನಿದ್ದರೂ ಸನಾದಿ ಊದುವವರದು. "ಛಲೋ ಬಾರಿಸಿದ್ರಿ ಚಾಚಾ," ಎಂದೆ ನಾನು. ಅವರು ಬೆಚ್ಚಿ ನನ್ನ ಮುಖ ನೋಡಿದರು.

"ಕೇಳಿದಿರೇನು? ನಲವತ್ತ ವರ್ಷದಾಗ ಕುಣ್ಯಾವರನ್ನ ಭಾಳ ಮಂದಿನ್ನ ಕಂಡೇನ್ರಿ. ಕೇಳಾವರನ್ನ ಕಂಡಿಲ್ಲ. ಬಾಜಾ ಬಾಗಲತನಕ, ಬೀಗರು ಬಾಳಿಎಲಿತನಕ! ಸಾಯೂದ್ರಾಗ ಒಮ್ಮೆ ಒಳಗ ಹೋಗಿ ಬಾರಿಸಬೇಕು ಸರ. ಒಬ್ಬರೂ ಕುಣೀಬಾರದು, ಸುಮ್ಮನ ಕುಂತು ಕೇಳಬೇಕು."

ಹೇಳಿ ನಕ್ಕರು. ಆ ನಗು ನನಗೆ ಸರಿಬರಲಿಲ್ಲ, ಮನೆಗೆ ಬಂದರೂ ಮನಸ್ಸಿನಲ್ಲೇ ಕುಳಿತಿತ್ತು.

ಆ ವರ್ಷ ನಾವು ನಾಲ್ಕು ಮಂದಿ ಸಂಗೀತದ ಹುಚ್ಚರು ಸೇರಿ ಅದೇ ಮಂಟಪದಲ್ಲಿ ಮುಂಜಾನೆಯಿಂದ ಸಂಜೆತನಕ ಬಿಡುವಿಲ್ಲದ ಕಚೇರಿಯೊಂದನ್ನು ಇಟ್ಟುಕೊಂಡೆವು. ಮುನ್ನೂರು ವರ್ಷದ ಹಿಂದಿನ ಯುರೋಪಿನ ಬರೋಕ್ ಸಂಗೀತದ ಹುಚ್ಚು ಆಗ ನನ್ನ ತಲೆಗೇರಿತ್ತು. ಬಂದವರೆಲ್ಲ ಅದರದೊಂದು ತುಣುಕನ್ನು ತಮಗೆ ಒಗ್ಗಿದಂತೆ ನುಡಿಸಬೇಕು ಎಂಬ ಕರಾರು ಹಾಕಿದವನು ನಾನೇ. ಮಾಸೂರಿನ ಭಜನೆಯವರು ಹಾರ್ಮೋನಿಯಂ ಮೇಲೆ ಒಂದನ್ನು ಕೂಡಿಸಿಕೊಂಡರು. ಹುಲಗೂರಿನ ಕವ್ವಾಲಿಯವರು ಚಪ್ಪಾಳೆ ಸೇರಿಸಿ ಇನ್ನೊಂದನ್ನು ಹಿಡಿದರು. ನಾನು ಫೋನು ಹಿಡಿದು ಸವಣೂರಿಗೆ ಹೋದೆ.

ಫೋನಿನಲ್ಲಿ ಚಾಚಾಗೆ ಕೇಳಿಸಿದ್ದು ಬೆನ್ನಟ್ಟುವ ಧಾಟಿ. ಒಂದು ವಾದ್ಯ ಶುರುಮಾಡುತ್ತದೆ. ತುಸು ತಡೆದು ಇನ್ನೊಂದು ಅದನ್ನೇ ನುಡಿಸುತ್ತ ಹಿಂದೆ ಬರುತ್ತದೆ, ಅದರ ಹಿಂದೆ ಮತ್ತೊಂದು. ಚಾಚಾ ಕಣ್ಣು ಮುಚ್ಚಿ ಕೇಳಿದರು. "ಒಬ್ಬಾಂವ ಹೊಂಟಾನ, ಅಂವನ ಹೆಜ್ಜಿ ಮ್ಯಾಲ ಹೆಜ್ಜಿ ಇಟ್ಟು ಇನ್ನೊಬ್ಬಾಂವ ಬರಾಕತ್ತಾನ. ಇದು ಮೆರವಣಿಗಿನ ಅಲ್ಲೇನ್ರಿ?"

ಅಲ್ಲಿಂದ ಜಗಳ ಶುರುವಾಯಿತು. ಅವರಿಗೆ ಢೋಲು ಬೇಕು. ಮೂಲದಲ್ಲಿ ಢೋಲಿಲ್ಲ ಎಂದೆ. ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ.

"ಮುನ್ನೂರ ವರ್ಷದ ಹಿಂದ ಸತ್ತಾಂವ ಎದ್ದು ಬಂದು ಜಗಳಾ ತಗೀತಾನೇನ್ರಿ ಸರ? ಬಂದರ ನಾ ಮಾತಾಡತೇನಿ, ನೀವು ಸುಮ್ಮನಿರ್ರಿ."

ಢೋಲು ಸೇರಿತು. ವೇಗ ನಡಿಗೆಗೆ ಇಳಿಯಿತು. ಕುರ್ಚಿಯ ಮೇಲೆ ಕುಳಿತು ನುಡಿಸಲು ಅವರು ಸುತರಾಂ ಒಪ್ಪಲಿಲ್ಲ. ಕುಂತರೆ ಉಸಿರು ಹೊಟ್ಟೆಯಲ್ಲಿ ಸಿಕ್ಕಿಬೀಳುತ್ತದಂತೆ! ರಸ್ತೆಯಿಂದಲೇ ನುಡಿಸುತ್ತ ಒಳಗೆ ಬರುತ್ತೇವೆ ಎಂದರು. ಎರಡನೆಯ ಕ್ಲಾರಿನೆಟ್ಟಿನವರು ಅವರ ತಮ್ಮ. ನನ್ನನ್ನು ಬಸ್ಸಿಗೆ ಮುಟ್ಟಿಸಲು ಬಂದಾಗ, "ಅಣ್ಣಗ ತಲಿ ಕೆಟ್ಟೈತ್ರಿ. ಆದರ ಈ ಪರಿ ಖುಷಿಯಾಗಿದ್ದು ನಾ ಕಂಡಿಲ್ಲ," ಎಂದರು.

ಕಚೇರಿಯ ದಿನ ಮಧ್ಯಾಹ್ನ ನಾನು ವೇದಿಕೆಯ ಹತ್ತಿರ ನಿಂತಿದ್ದೆ. ರಸ್ತೆಯಿಂದ ಬಾಜಾ ಹತ್ತಿರವಾಯಿತು. ಕೆಂಪು ಕೋಟು, ಜರಿಯ ಪಟ್ಟಿ. ಹೊಸ್ತಿಲ ಮುಂದೆ ಬಂದದ್ದೇ ಢೋಲು ಧಡ್ ಎಂದು ಕೊನೆಯ ಪೆಟ್ಟು ಹಾಕಿತು. ಎಲ್ಲ ನಿಂತುಹೋಯಿತು. ನಿಲ್ಲಿಸಿರೆಂದು ಯಾರೂ ಹೇಳಿರಲಿಲ್ಲ. ಅಷ್ಟು ವರ್ಷ ಅಲ್ಲೇ ನಿಂತ ಕಾಲುಗಳು ತಾವಾಗಿಯೇ ನಿಂತಿದ್ದವು. ಅಯ್ಯೋ, ಎಲ್ಲ ಹೋಯಿತಲ್ಲ ಎಂದುಕೊಂಡೆ.

ಚಾಚಾ ಹಿಂದೆ ತಿರುಗಿ ನೋಡಲಿಲ್ಲ. ಧಾಟಿಯನ್ನು ಮೊದಲಿನಿಂದ ಎತ್ತಿಕೊಂಡು, ಒಬ್ಬರೇ ಹೊಸ್ತಿಲು ದಾಟಿದರು. ಎರಡನೆಯ ಕ್ಲಾರಿನೆಟ್ಟಿನ ತಮ್ಮ ಬೆನ್ನಟ್ಟಬೇಕಾದ ಜಾಗ ಬಂತು. ತಮ್ಮ ಒಮ್ಮೆ ಹೊಸ್ತಿಲು ನೋಡಿದರು, ಒಮ್ಮೆ ಅಣ್ಣನ ಬೆನ್ನು ನೋಡಿದರು. ಕ್ಲಾರಿನೆಟ್ ತುಟಿಗಿಟ್ಟು ಒಳಗೆ ಕಾಲಿಟ್ಟರು. ಅವರ ಹಿಂದೆ ಟ್ರಂಪೆಟ್ಟಿನವನು, ಅವನ ಹಿಂದೆ ದೊಡ್ಡ ಕಹಳೆಯವನು, ಕಟ್ಟಕಡೆಗೆ ಢೋಲು. ಕುರ್ಚಿಗಳ ನಡುವೆ ಸುತ್ತು ಹಾಕುತ್ತ ನುಡಿಸಿದರು. ಕುಣಿಯಲು ಎದ್ದ ಮಗುವನ್ನು ಅದರ ತಾಯಿ ರಟ್ಟೆ ಹಿಡಿದು ಕೂರಿಸಿಕೊಂಡಳು.

ಮುಗಿದಾಗ ಯಾರೂ ಉಸಿರೆತ್ತಲಿಲ್ಲ. ಚಾಚಾ ನನ್ನ ಹತ್ತಿರ ಬಂದು, "ಸೇರಲಿಲ್ಲೇನ್ರಿ ಸರ ಮಂದಿಗೆ?" ಎಂದು ಪಿಸುಗುಟ್ಟಿದರು. ಅಷ್ಟರಲ್ಲಿ ಮಾಸೂರಿನ ಭಜನೆಯ ಹಿರಿಯರು ಎದ್ದು ನಿಂತರು.

"ಚಾಚಾ, ಇನ್ನೊಮ್ಮೆ ಆಗ್ಲಿ. ಸಾವಕಾಶ ನಡೀರಿ, ಕೇಳಾಕತ್ತೇವಿ."

ಚಾಚಾ ಹೆಬ್ಬೆರಳಿನ ಗಂಟು ತಿಕ್ಕುತ್ತ ಅತ್ತರು. ನಾನೂ ಅತ್ತೆ, ನಾಚಿಕೆಯೇನಿಲ್ಲ. ಆಮೇಲೆ ಮತ್ತೊಮ್ಮೆ ನುಡಿಸಿದರು.

ಹೋದ ವರ್ಷ ಅವರು ತೀರಿಕೊಂಡರು. ಸುದ್ದಿ ಕೇಳಿ ಸವಣೂರಿಗೆ ಓಡಿದೆ. ಮಣ್ಣಿಗೆ ಒಯ್ಯುವ ಜನಾಜಾದಲ್ಲಿ ಬಾಜಾ ಇರುವುದಿಲ್ಲ. ಬ್ಯಾಂಡಿನವರು ಬಿಳಿ ಟೋಪಿ ಹಾಕಿ, ಬರಿಗೈಯಲ್ಲಿ ಹಿಂದೆ ನಡೆಯುತ್ತಿದ್ದರು. ನಾನು ಅವರ ಹಿಂದಿದ್ದೆ. ಹೊತ್ತವರು ಖಬರಸ್ಥಾನದ ಬಾಗಿಲು ದಾಟಿ ಒಳಗೆ ಹೋದರು. ಬಾಗಿಲಿಗೆ ಬರುತ್ತಲೇ ಬ್ಯಾಂಡಿನವರೆಲ್ಲ ಒಮ್ಮೆಗೇ ನಿಂತುಬಿಟ್ಟರು. ಯಾರಿಗೂ ಕಾಲು ಏಳಲೊಲ್ಲದು. ಚಾಚಾ ಮುಂದೆ ಮುಂದೆ ಹೋಗುತ್ತಿದ್ದರು.

ಚಾಚಾರ ತಮ್ಮ ತುಸು ತಡೆದು ಒಳಗೆ ಕಾಲಿಟ್ಟರು. ಅವರ ಹಿಂದೆ ಟ್ರಂಪೆಟ್ಟಿನವನು ಹೋದ, ಅವನ ಹಿಂದೆ ದೊಡ್ಡ ಕಹಳೆಯವನು, ಆಮೇಲೆ ಢೋಲಿನವನು. ಕೊನೆಗೆ ನಾನೂ ಹೋಗಿ ಮಣ್ಣು ಕೊಟ್ಟೆ.