ವಿಭೂತಿ ಬಳಿದ ಕಣ್ಣು

ಹುಸೇನಸಾಬ್, ಆ ಯಂತ್ರದ ಕಣ್ಣನ್ನು ಮುಟ್ಟಿದ್ದು ನಾನು. ನಮ್ಮ ತೋಟವನ್ನು ಹನ್ನೆರಡು ವರ್ಷ ನೋಡಿಕೊಂಡ ನಿಮ್ಮ ಮೇಲೆ ಆ ತಪ್ಪನ್ನು ಹೊರಿಸಿದ್ದೂ ನಾನೇ. ಮೂರು ವರ್ಷ ಬೇಕಾಯಿತು, ಈ ಎರಡು ವಾಕ್ಯ ಬರೆಯಲು —

ತಾನೇ ಓಡಾಡಿ ಹುಲ್ಲು ಕತ್ತರಿಸುವ ಆ ಯಂತ್ರ ಬಳ್ಳಾರಿಯ ನಮ್ಮ ಮನೆಗೆ ಬಂದಾಗ ನನಗೆ ಎಲ್ಲಿಲ್ಲದ ಜಂಬ. ಈ ಬಿಸಿಲಲ್ಲಿ ಹುಲ್ಲು ಉಳಿಸುವುದೇ ಕಷ್ಟ, ಕತ್ತರಿಸಲು ಯಂತ್ರ ಬೇರೆ ಎಂದು ನೆರೆಯವರು ನಗುತ್ತಿದ್ದರು. ಅದರ ಮುಂಭಾಗದಲ್ಲಿ ಪುಟ್ಟ ಕ್ಯಾಮೆರಾ. ಎದುರಿಗೆ ಮನುಷ್ಯರು ಕಂಡರೆ ನಿಂತು ಬೇರೆ ಕಡೆ ತಿರುಗಿಕೊಳ್ಳುತ್ತಿತ್ತು. ಅದಕ್ಕೆ ಬೆನ್ನು ಮಾಡಿ ಕುಳಿತು ಕಳೆ ಕೀಳುವಷ್ಟು ನೀವು ಅದನ್ನು ನಂಬಿದ್ದಿರಿ.

ಆಯುಧಪೂಜೆಯ ದಿನ ಕಾರಿಗೆ, ಮಿಕ್ಸಿಗೆ ಹಚ್ಚಿದಂತೆ ಅದಕ್ಕೂ ಮೂರು ಬೆರಳಿನಿಂದ ವಿಭೂತಿ ಎಳೆದೆ. ಹಣೆ ಎಂದು ನಾನು ಆರಿಸಿಕೊಂಡ ಜಾಗದಲ್ಲೇ ಅದರ ಕಣ್ಣಿತ್ತು. ನೀವು ನೋಡಿದಿರಿ.

"ಅಮ್ಮಾರ, ಗಾಜಿನ ಮ್ಯಾಲ ಬಂದೈತ್ರಿ. ಒರಸಿಬಿಡ್ರಿ. ಪೂಜಿ ಮಾಡಿದ್ದು, ನಾ ಹೆಂಗ ಮುಟ್ಟಲಿ?"

"ಹಚ್ಚಿದ ವಿಭೂತಿ ಅವತ್ತ ಅಳಸ್ತಾರೇನು? ನಾಳೆ ನೋಡೂಣು," ಎಂದೆ. ನನಗೇ ಬುದ್ಧಿ ಹೇಳುತ್ತಾರಲ್ಲ ಎಂಬ ಸಿಟ್ಟು — ಅದೂ ಇತ್ತು, ಮುಚ್ಚಿಡಲಾರೆ.

ಮರುದಿನ ಬೆಳಿಗ್ಗೆ ಯಂತ್ರ ತನ್ನ ವೇಳೆಗೆ ಹೊರಟಿತು. ನಾನು ಮರೆತಿದ್ದೆ. ಅಡುಗೆಮನೆಯ ಕಿಟಕಿಯಿಂದ ಕಂಡೆ — ನಾನು ಗಾಜು ಒರೆಸಿರುತ್ತೇನೆಂದು ನಂಬಿ ನೀವು ಬರಿಗಾಲಲ್ಲಿ, ಬೆನ್ನು ಮಾಡಿ ಕುಳಿತಿದ್ದಿರಿ, ಅದು ನಿಲ್ಲಲಿಲ್ಲ. ಕೂಗಬೇಕೆಂದು ಬಾಯಿ ತೆರೆದೆ... ನಿಮ್ಮ ಚೀತ್ಕಾರವೇ ಮೊದಲು ಕೇಳಿಸಿತು. ಎಡಗಾಲಿನ ಎರಡು ಬೆರಳು. ಓಡಿ ಬಂದೆ, ಹೌದು. ಯಂತ್ರವನ್ನು ನಿಲ್ಲಿಸಿ, ಸೆರಗಿನಿಂದ ಮೊದಲು ಆ ಗಾಜನ್ನು ಒರೆಸಿದೆ. ನಿಮ್ಮ ರಕ್ತ ಹುಲ್ಲಿನ ಮೇಲೆ ಹರಿಯುತ್ತಿತ್ತು. ನೀವು ನನ್ನನ್ನೇ ನೋಡುತ್ತಿದ್ದಿರಿ.

ನನ್ನ ಗಂಡ ಒಳಗಿನಿಂದ ಬಂದವರೇ ಮಸುಕಾದ ಗಾಜು ನೋಡಿ ಕೇಳಿದರು, "ಇದರ ಕ್ಯಾಮೆರಾ ಯಾರ ಮುಟ್ಟಿದ್ರು?"

"ಹುಸೇನಸಾಬ್ರ ರೀ. ಬ್ಯಾಡಂದ್ರೂ ಕೇಳಲಿಲ್ಲ."

ಮುಟ್ಟಲು ಹಿಂಜರಿದವರನ್ನೇ ಮುಟ್ಟಿದವರೆಂದೆ. ನೀವು ಹಲ್ಲು ಕಚ್ಚಿಕೊಂಡು, "ಅಮ್ಮಾರು ಹೇಳಿದಂಗ ಇರ್ಲಿ ಬಿಡ್ರಿ," ಎಂದಿರಿ. ಅದರಿಂದ ನಾನು ಉಳಿದೆ, ನಿಮ್ಮ ಕೆಲಸ ಹೋಯಿತು. ಮಷೀನು ಕೆಡಿಸಿ ಕಾಲ್ಬೆರಳು ಕಳೆದುಕೊಂಡವನೆಂಬ ಸುದ್ದಿ ನಮ್ಮ ಬೀದಿಯಲ್ಲೆಲ್ಲ ಹಬ್ಬಿತು. ಯಾರೂ ನಿಮ್ಮನ್ನು ತೋಟದ ಕೆಲಸಕ್ಕೆ ಕರೆಯಲಿಲ್ಲ. ಬಾದನಹಟ್ಟಿಯ ಮಗಳ ಮನೆಗೆ ಹೋದಿರೆಂದು ಕೇಳಿದಾಗ ನನಗೆ ನಿರಾಳವೆನಿಸಿತು. ಛೀ —

ಹೆದರಿಕೆಯಿಂದ ಸುಳ್ಳು ಹೇಳಿದೆ ಎನ್ನಬಹುದಿತ್ತು. ಹೆದರಿಕೆ ಒಂದು ದಿನದ್ದು. ಉಳಿದ ಮೂರು ವರ್ಷಕ್ಕೆ ಏನೆನ್ನಲಿ?

ನಿನ್ನೆ ಗಂಡನಿಗೆ ಎಲ್ಲ ಹೇಳಿದೆ. "ಮುಗದದ್ದು ಮುಗೀತು, ಈಗ್ಯಾಕ ಕೆದಕ್ತಿ?" ಎಂದರು. ಮುಗಿದದ್ದು ನಮಗೆ. ಭಾನುವಾರ ಬಾದನಹಟ್ಟಿಗೆ ಬರುತ್ತೇನೆ, ಅವರು ಬಂದರೂ ಸರಿ, ಬಿಟ್ಟರೂ ಸರಿ. ನಿಮ್ಮ ಮಗಳ ಮುಂದೆ ಹೇಳುತ್ತೇನೆ. ನೀವು ಬಾಗಿಲು ಹಾಕಿಕೊಂಡರೆ ಹೊರಗೆ ನಿಂತೇ ಹೇಳುತ್ತೇನೆ.

ನಿಮ್ಮ ಹೆಸರು ಕೆಟ್ಟದ್ದು ಈ ಬೀದಿಯಲ್ಲಿ. ಆದ್ದರಿಂದ ಇವತ್ತು ಪಕ್ಕದ ಮನೆಯಿಂದಲೇ ಶುರು ಮಾಡಿದೆ. ಆ ಮನೆಯಾಕೆ ಪೂರ್ತಿ ಕೇಳಿದರು. ಕಾಫಿ ಲೋಟ ಕೆಳಗಿಟ್ಟು, ಎದ್ದು ಒಳಗೆ ಹೋದರು. ಇನ್ನೂ ಒಂಬತ್ತು ಮನೆಗಳಿವೆ.