ಮಾವನವರು ತೋರಿಸಿದ ಹಕ್ಕಿಗಳು

ಮದುವೆಯಾಗಿ ಆರು ವರ್ಷ ಕಳೆದರೂ ನಾನು ಮಾವನವರೊಂದಿಗೆ ನೇರವಾಗಿ ಒಂದು ಮಾತೂ ಆಡಿರಲಿಲ್ಲ. ಜಗಳವೇನಿಲ್ಲ, ನಮ್ಮ ಮನೆಯ ರೀತಿಯೇ ಹಾಗೆ. ಊಟಕ್ಕೆ ಕರೆಯಬೇಕೆಂದರೆ ನಾನು ಬಾಗಿಲ ಮರೆಯಲ್ಲಿ ನಿಂತು ಬಳೆ ಸದ್ದು ಮಾಡಬೇಕು. ಅವರಿಗೆ ಏನಾದರೂ ಬೇಕಿದ್ದರೆ ಗೋಡೆಯನ್ನು ನೋಡಿಕೊಂಡು ಹೇಳುತ್ತಿದ್ದರು. ನಮ್ಮ ಮನೆಯಲ್ಲಿ ಅವರ ಮಾತು ಅತಿ ಹೆಚ್ಚು ಕೇಳಿದ್ದು ಆ ಗೋಡೆಯೇ.

ಆ ಚಳಿಗಾಲದಲ್ಲಿ ಡಾಕ್ಟರು ಅವರಿಗೆ ದಿನಾ ಬೆಳಿಗ್ಗೆ ನಡೆಯಬೇಕೆಂದರು. ಎದೆಯ ತೊಂದರೆ ಇರುವುದರಿಂದ ಒಬ್ಬರನ್ನೇ ಕಳಿಸಬೇಡಿ ಎಂದೂ ಹೇಳಿದರು. ನನ್ನ ಗಂಡ ಮತ್ತು ಮೈದುನ ಅದಿರಿನ ಲಾರಿಗಳ ಹಿಂದೆ ಬಿದ್ದು ನಸುಕಿನಲ್ಲೇ ಸಂಡೂರಿನ ಗಣಿಗಳಿಗೆ ಹೋಗುತ್ತಿದ್ದರು, ಮರಳುವುದು ರಾತ್ರಿಗೆ. ಅತ್ತೆಗೆ ಮೊಣಕಾಲು ನೋವು. ಉಳಿದವಳು ನಾನು. ಹಂಪಿ ಬಜಾರ್ ದಾಟಿ ಹೊಳೆದಂಡೆಯ ಕಾಲುದಾರಿಯಲ್ಲಿ ಅವರು ಮುಂದೆ, ತಲೆತುಂಬ ಸೆರಗು ಹೊದ್ದ ನಾನು ಹತ್ತು ಹೆಜ್ಜೆ ಹಿಂದೆ. ಎದುರಾದ ಪ್ರವಾಸಿಗರು ನಾವು ಮುನಿಸಿಕೊಂಡಿದ್ದೇವೆಂದೇ ತಿಳಿದಿರಬೇಕು.

ಮಾವನವರಿಗೆ ಹಕ್ಕಿಗಳೆಂದರೆ ಪ್ರಾಣ. ಅಲ್ಲಲ್ಲಿ ನಿಂತು ಕೋಲೆತ್ತಿ ತೋರಿಸುತ್ತಿದ್ದರು, ನಾನು ನೋಡುತ್ತಿದ್ದೆ. ಬಂಡೆಯ ಮೇಲೆ ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುವ ಕರಿಹಕ್ಕಿ, ಬಾಲ ಕುಣಿಸುತ್ತ ಓಡುವ ಪುಟ್ಟ ಹಕ್ಕಿ, ನೀರಿಗೆ ಬಿದ್ದು ಮೀನಿನೊಂದಿಗೆ ಏಳುವ ನೀಲಿ ಹಕ್ಕಿ. ನಾನು ಹೆಸರು ಕೇಳುವಂತಿರಲಿಲ್ಲ, ದಂಡೆಯಲ್ಲಿ ಅವರಿಗೆ ಗೋಡೆಯೂ ಇರಲಿಲ್ಲ. ಆದರೂ ಆ ಒಂದು ಗಂಟೆ ನನಗೆ ಬಹಳ ಇಷ್ಟವಾಗಿತ್ತು. ಒಲೆಯಿಂದ ಬಿಡುವು ಸಿಕ್ಕಿತೆಂದಷ್ಟೇ ಅಲ್ಲ. ನನಗೆ ಏನನ್ನೋ ತೋರಿಸಬೇಕೆಂದು ಒಬ್ಬರು ನಿಂತು ಕಾಯುತ್ತಿದ್ದರು, ಅದಕ್ಕೆ.

ಸಂಕ್ರಾಂತಿ ಕಳೆದ ಮೇಲೊಂದು ಬೆಳಿಗ್ಗೆ ಅವರು ಎಂದಿನ ಬಂಡೆಯತ್ತ ಕೋಲೆತ್ತಿದರು. ಬಂಡೆ ಖಾಲಿ. ಹಕ್ಕಿ ಈಗತಾನೇ ಹಾರಿರಬೇಕು ಎಂದುಕೊಂಡೆ. ಅವರು ಮಾತ್ರ ಬಹಳ ಹೊತ್ತು ನೋಡುತ್ತಲೇ ನಿಂತರು. ಮರುದಿನವೂ ಖಾಲಿ ಬಂಡೆ, ಮತ್ತೆ ಅದೇ ನೋಟ. ಮೂರನೆಯ ದಿನ ಅವರು ಬೆಳ್ಳಕ್ಕಿಯೆಂದುಕೊಂಡು ಕೋಲೆತ್ತಿ ತೋರಿಸಿದ್ದು ಪೊದೆಗೆ ಸಿಕ್ಕಿಕೊಂಡ ಬಿಳಿ ಪ್ಲಾಸ್ಟಿಕ್ ಚೀಲವನ್ನು. ಆಗ ತಿಳಿಯಿತು, ಮಾವನವರ ಕಣ್ಣು ಮಬ್ಬಾಗಿತ್ತು. ಇಷ್ಟು ದಿನ ಸದ್ದಿನ ಮೇಲೆ, ರೂಢಿಯ ಮೇಲೆ ತೋರಿಸುತ್ತಿದ್ದರು.

ಇಂಥವರು ವಾರಕ್ಕೆರಡು ಸಲ ಮೊಪೆಡ್ ಏರಿ ಮರಿಯಮ್ಮನಹಳ್ಳಿಯ ಹೊಲಕ್ಕೆ ಹೋಗಿಬರುತ್ತಿದ್ದರು. ಅದಿರಿನ ಲಾರಿಗಳು ಸಾಲುಗಟ್ಟಿ ಓಡುವ ರಸ್ತೆ ಅದು. ಕೆಂಪು ಧೂಳಿನಲ್ಲಿ ಕಣ್ಣು ನೆಟ್ಟಗಿದ್ದವರಿಗೇ ದಾರಿ ಕಾಣುತ್ತಿರಲಿಲ್ಲ. ನಾಳೆ ಮತ್ತೆ ಹೋಗುವ ದಿನ. ಗಂಡನಿಗೆ ಹೇಳಿದರೆ ಊರಿಗೆಲ್ಲ ಗೊತ್ತಾಗಿ ಅವರ ಮರ್ಯಾದೆ ಮೂರಾಬಟ್ಟೆಯಾಗುತ್ತಿತ್ತು. ಅಲ್ಲದೆ ಆ ಹೊಲವನ್ನು ಅದಿರು ರಾಶಿ ಹಾಕಲು ಬಾಡಿಗೆಗೆ ಕೊಡಬೇಕೆಂದು ಅವರ ಮಕ್ಕಳಿಬ್ಬರೂ ತುದಿಗಾಲಲ್ಲಿ ನಿಂತಿದ್ದರು. ಮಾವನವರು ಹೋಗಿಬರುತ್ತಿರುವಷ್ಟು ದಿನ ಅದು ನಡೆಯುವಂತಿರಲಿಲ್ಲ.

“ಅಲ್ಲಿ ಹಕ್ಕಿ ಇಲ್ರಿ, ಮಾವಾರ,” ಎಂದೆ.

ಕೋಲು ಕೆಳಗಿಳಿಯಿತು. ಅವರು ತಿರುಗಲಿಲ್ಲ.

“ಮನ್ಯಾಗ ಹೇಳಿಯೇನು?”

“ಇಲ್ರಿ.”

“ಹೇಳಬ್ಯಾಡ.”

“ನೀವು ಗಾಡಿ ಮುಟ್ಟಬ್ಯಾಡ್ರಿ. ಮುಟ್ಟಿದ್ರ ಹೇಳ್ತೀನ್ರಿ.”

ಆರು ವರ್ಷದ ಮೇಲೆ ಸೊಸೆ ಬಾಯಿ ತೆರೆದದ್ದು ಬೆದರಿಕೆ ಹಾಕಲು.

“ಮುಂದ ಬಾ,” ಎಂದರು ಮಾವನವರು. “ದಂಡಿ ಮ್ಯಾಲೆ ಏನೇನೈತಿ, ನೀನ ಹೇಳವ್ವ.”

“ಬಾಲ ಕುಣಿಸಿಕೋತ ಒಂದು ಸಣ್ಣದು ಓಡಾಡಾಕತ್ತೈತ್ರಿ.”

“ಅದು ಸಿಪಿಲಿ. ಚಳಿಗಾಲಕ್ಕ ಬರ್ತೈತಿ.”

ಅಂದಿನಿಂದ ನೋಡುವ ಕೆಲಸ ನನ್ನದು, ಹೆಸರು ಹೇಳುವ ಕೆಲಸ ಅವರದು. ರೆಕ್ಕೆ ಒಣಗಿಸುವುದು ನೀರುಕಾಗೆ, ನೀಲಿಯದು ಮಿಂಚುಳ್ಳಿ ಎಂದು ತಿಳಿಯಿತು.

ಮೊಪೆಡ್ ಕೆಟ್ಟಿದೆ ಎಂದು ಅವರೇ ಮನೆಯಲ್ಲಿ ಹೇಳಿ ಅದನ್ನು ಮೂಲೆಗೆ ನಿಲ್ಲಿಸಿದರು. ಅವರ ಓಡಾಟ ನಿಂತದ್ದೇ ತಡ, ಹೊಲದ ಒಂದು ತುದಿಯನ್ನಷ್ಟೇ ಬಾಡಿಗೆಗೆ ಕೊಡುತ್ತೇವೆಂದು ಮಕ್ಕಳು ಅವರನ್ನು ಒಪ್ಪಿಸಿದರು. ಬೇಸಿಗೆ ಶುರುವಾಗುವ ಹೊತ್ತಿಗೆ ಬಸ್ಸಿನಲ್ಲಿ ಆ ಕಡೆ ಹೋದಾಗ ನೋಡಿದೆ. ಬದುಗಳೇ ಇರಲಿಲ್ಲ. ಈ ತುದಿಯಿಂದ ಆ ತುದಿಗೆ ಆಳೆತ್ತರದ ಅದಿರಿನ ಗುಡ್ಡೆಗಳು. ಅವರ ಜೀವ ಉಳಿಸಿದೆನೆಂಬ ಹೆಮ್ಮೆ ಅಲ್ಲಿಯವರೆಗೆ ನನಗಿತ್ತು. ಹೊಲ ಹೋದದ್ದೂ ನನ್ನಿಂದಲೇ ಎಂದು ಹೊಳೆದು, ಜನರೆದುರೇ ಅತ್ತುಬಿಟ್ಟೆ.

ಮರುದಿನ ನಡೆಯುವಾಗ ಮಾವನವರು ಕೇಳಿದರು: “ನಿನ್ನೆ ಹೊಲ ನೋಡಿದೇನವ್ವ? ಹುಡುಗರು ಹೇಳೋದು ನಾ ನಂಬಂಗಿಲ್ಲ, ನೀ ಹೇಳು. ಬದುವಿನ್ಯಾಗ ಕೌಜುಗ ಅದಾವೇನು?”

“ಅದಾವ್ರಿ.”

“ಎಷ್ಟು?”

“ನಾಕು ಕಂಡ್ವುರಿ. ಹಿಂದ ಮರಿನೂ ಇದ್ವುರಿ.”

ಅವರು ನಕ್ಕರು. ಆಮೇಲೆ ಅವರು ಕೇಳಿದಾಗಲೆಲ್ಲ ನಾನು ಆ ಮರಿಗಳನ್ನು ಬೆಳೆಸುತ್ತ ಹೋದೆ.