ಗ್ಲೆನಿಸ್ ಹಿಮ ಮುಟ್ಟಿದ್ದು

ಆಗಸ್ಟ್ ಬಂತೆಂದರೆ, ಅಂದರೆ ಮೆಲ್ಬರ್ನ್ ಕಡೆಯ ಚಳಿಗಾಲ ಬಂತೆಂದರೆ, ಗ್ಲೆನಿಸ್ ಮತ್ತು ನೆವಿಲ್ ಹಾಬ್ಡೇ ದಂಪತಿ ಹಿಮ ನೋಡಲು ಹೊರಡುತ್ತಾರೆ. ಹನ್ನೊಂದು ವರ್ಷಗಳಿಂದ ಹೊರಡುತ್ತಲೇ ಇದ್ದಾರೆ. ಇಬ್ಬರೂ ಇನ್ನೂ ಹಿಮ ಮುಟ್ಟಿಲ್ಲ.

ಶೆಪರ್ಟನ್ನಿನಿಂದ ಹೋಥಮ್ ಬೆಟ್ಟಕ್ಕೆ ಮೂರೂವರೆ ಗಂಟೆಯ ದಾರಿ. ಆದರೆ ದಾರಿಯುದ್ದಕ್ಕೂ ಹಳೆ ಸಾಮಾನಿನ ಅಂಗಡಿಗಳಿವೆ, ನೆವಿಲ್‌ಗೆ ಒಂದನ್ನೂ ದಾಟಿ ಹೋಗಲಾಗದು. ಹಣ್ಣಿನ ಡಬ್ಬಿ ಕಾರ್ಖಾನೆಯಿಂದ ನಿವೃತ್ತನಾದ ಮೇಲೆ ಅವನಿಗೆ ಹಿಡಿದ ರೋಗ ಇದು. ಅವನ ಶೆಡ್ಡಿನಲ್ಲಿ ಬೆಣ್ಣೆ ಕಡೆಯುವ ಐದು ಯಂತ್ರಗಳಿವೆ. ಆ ಮನೆಯಲ್ಲಿ ತಿನ್ನುವುದು ಮಾರ್ಗರೀನ್, ಎಣ್ಣೆಯಿಂದ ಮಾಡಿದ ನಕಲಿ ಬೆಣ್ಣೆ. ಸಂಜೆ ನಾಲ್ಕಕ್ಕೆ ಕಾರು ತುಂಬಿದಾಗ ಅವನು ಮೋಡ ನೋಡಿ, "ಕತ್ತಲಾಯ್ತು ಕಣೇ, ಮುಂದಿನ ವರ್ಷ ಹೋಗೋಣ" ಎನ್ನುತ್ತಾನೆ. ದೆವ್ವ ಬಾರದಿರಲೆಂದು ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದ ಹಾಗೆ.

ಗ್ಲೆನಿಸ್ ಸಹಿಸಿಕೊಂಡಳು. ಮೂವತ್ತು ವರ್ಷ ಶಾಲೆಯ ಕ್ಯಾಂಟೀನಿನಲ್ಲಿ ಮಕ್ಕಳಿಗೆ ಮಾಂಸದ ಪೈ ಬಿಸಿ ಮಾಡಿ ಕೊಟ್ಟವಳಿಗೆ ಸಾಲು, ತಳ್ಳಾಟ, ಕಾಯುವುದು ಯಾವುದೂ ಹೊಸದಲ್ಲ. ಆದರೆ ಈ ಸಲ ಮೊಮ್ಮಗಳು ಟಿಲ್ಲಿ ತನ್ನ ನೀಲಿ ಐಸ್ ಪೆಟ್ಟಿಗೆ ತಂದು ಅಜ್ಜಿಯ ಮಡಿಲಲ್ಲಿಟ್ಟಿದ್ದಳು.

"ಅಜ್ಜಿ, ಇದ್ರ ತುಂಬ ಹಿಮ ತಗೊಂಬಾ. ಸೋಮವಾರ ಸ್ಕೂಲಲ್ಲಿ ಎಲ್ರಿಗೂ ತೋರಿಸ್ತೀನಿ ಅಂದಿದೀನಿ. ನೀನು ಪ್ರತಿ ವರ್ಷ ಹೋಗ್ತೀಯಲ್ಲ, ಅದರ ರುಚಿ ಹೆಂಗಿರತ್ತೆ?"

"ತಣ್ಣಗಿರತ್ತೆ, ಪುಟ್ಟಿ," ಎಂದಿದ್ದಳು ಗ್ಲೆನಿಸ್. ಆರು ವರ್ಷದ ಮಗುವಿನ ಮುಂದೆ ಹಾಗೆ ಸುಳ್ಳು ಹೇಳಿದ್ದು ಅವಳ ಗಂಟಲಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತ್ತು.

ಶನಿವಾರ ಬೆಳಿಗ್ಗೆ ಬ್ರೈಟ್ ಪಟ್ಟಣದಲ್ಲಿ ಅವಳೇ ಇಳಿದು ಹಿಮದಲ್ಲಿ ಜಾರದಂತೆ ಟೈರಿಗೆ ಹಾಕುವ ಸರಪಳಿಯ ಚೀಲವನ್ನು ಬಾಡಿಗೆಗೆ ತಂದು ಡಿಕ್ಕಿಯಲ್ಲಿಟ್ಟಳು. ಅದಿಲ್ಲದೆ ಚಳಿಗಾಲದಲ್ಲಿ ಯಾರನ್ನೂ ಬೆಟ್ಟ ಹತ್ತಲು ಬಿಡುವುದಿಲ್ಲ. ಆಮೇಲೆ ಶೌಚಾಲಯಕ್ಕೆ ಹೋಗಿ ಬಂದಳು. ಅಷ್ಟರಲ್ಲಿ ಎದುರಿನ ಹಳೆ ಸಾಮಾನಿನ ಅಂಗಡಿಯಿಂದ ನೆವಿಲ್ ಹೊಲಿಗೆ ಯಂತ್ರದ ಕಬ್ಬಿಣದ ಕಾಲೊಂದನ್ನು ತಂದು ಡಿಕ್ಕಿಗೆ ತುರುಕಿ, ಮೇಲೊಂದು ಕಂಬಳಿ ಹೊದಿಸಿದ್ದ. ಯಂತ್ರವಿಲ್ಲ, ಬರೀ ಕಾಲು.

ಮುಕ್ಕಾಲು ಗಂಟೆಯ ನಂತರ ಬೆಟ್ಟದ ಬುಡದ ಗೇಟಿನಲ್ಲಿ ಕಿತ್ತಳೆ ಕೋಟಿನ ಹುಡುಗಿ ಕಿಟಕಿ ತಟ್ಟಿದಳು. "ಸರಪಳಿ ತೋರ್ಸಿ."

ನೆವಿಲ್ ಕೆಮ್ಮಿದ. "ಅದು... ಅಂಗಡಿ ಜಗಲಿ ಮೇಲಿದೆ. ಜಾಗ ಸಾಲ್ಲಿಲ್ಲ. ಹತ್ತು ಕಿಲೋ ಸುಮ್ನೆ ಯಾಕೆ ಹೊರೋದು ಅಂತ..."

ಗ್ಲೆನಿಸ್ ಇಳಿದು ಕಂಬಳಿ ಎತ್ತಿದಳು. "ಹತ್ತು ಕಿಲೋ ಭಾರ ಅಂತ ಬಿಟ್ಟು ನಲವತ್ತು ಕಿಲೋ ಹೊತ್ಕೊಂಡ್ಯಾ, ಮಹರಾಯ?"

"ವಾಪಸ್ ತಿರುಗ್ಸಿ, ಅಣ್ಣ," ಎಂದಳು ಹುಡುಗಿ, ನಗು ತಡೆದುಕೊಂಡು.

ನೆವಿಲ್‌ನ ಮುಖದಲ್ಲಿ ದುಃಖ ಕಾಣಲಿಲ್ಲ. ಹಿಂದಿರುಗುವಾಗ ಅವನು ಹೇಳಿಯೂ ಬಿಟ್ಟ: "ಹೋಗ್ಲಿ ಬಿಡೇ, ಮುಂದಿನ ವರ್ಷ. ಇಲ್ಲೇ ಇನ್ನೊಂದು ಅಂಗಡಿ ಇದೆ, ನೋಡ್ಕೊಂಡು..."

ಗ್ಲೆನಿಸ್ ಮಡಿಲಿನ ಐಸ್ ಪೆಟ್ಟಿಗೆಯ ಮುಚ್ಚಳ ತೆಗೆದಳು. ಒಳಗೆ ಪತ್ರಿಕೆ ಸುತ್ತಿದ ಆರು ಹಳೆ ಔಷಧಿ ಶೀಸೆಗಳು. ಅದರಲ್ಲೂ ಜಾಗ ಕಂಡಿದ್ದ ಗಂಡಸು!

ಬ್ರೈಟಿನ ಅದೇ ಅಂಗಡಿಯ ಮುಂದೆ ಕಾರು ನಿಂತಾಗ ಅವಳು ಇಳಿದಳು. ಶೀಸೆಗಳನ್ನು ರಸ್ತೆಬದಿಯ ಹುಲ್ಲಿನ ಮೇಲೆ ಸಾಲಾಗಿ ಇಟ್ಟಳು. ಕಬ್ಬಿಣದ ಕಾಲನ್ನು ದರದರನೆ ಎಳೆದು ಪಕ್ಕದಲ್ಲಿ ನಿಲ್ಲಿಸಿದಳು. ಜಗಲಿಯ ಮೇಲಿದ್ದ ಸರಪಳಿಯ ಚೀಲವನ್ನು ಡಿಕ್ಕಿಗೆ ಎಸೆದಳು.

"ಹುಲ್ಲಿನ ಮೇಲೆ ಇಡ್ಬೇಡ ಕಣೇ! ರಸ್ತೆಬದಿ ಇಟ್ಟಿದ್ದು ಬಿಟ್ಟಿ ಅಂತ ಯಾರಾದ್ರೂ ಎತ್ಕೊಂಡ್ ಹೋಗ್ತಾರೆ!"

"ಹಂಗಾದ್ರೆ ಕಾವಲು ಕೂತ್ಕೋ."

"ನೀನೊಬ್ಳೇನಾ? ಬೆಟ್ಟದ ದಾರೀಲಿ ಓಡ್ಸೋಕೆ ನಿಂಗೆ ಬರತ್ತಾ?"

"ಅಪ್ಪನ ಪೀಚ್ ತೋಟದಲ್ಲಿ ಹನ್ನೆರಡನೇ ವಯಸ್ಸಿಗೆ ಟ್ರ್ಯಾಕ್ಟರ್ ಓಡ್ಸಿದೀನಿ. ಕೀಲಿ ಕೊಡು."

ಕೊಟ್ಟ. ಮದುವೆಯಾಗಿ ಮೂವತ್ತಾರು ವರ್ಷದಲ್ಲಿ ಆ ದನಿ ಅವನು ಕೇಳಿದ್ದು ಎರಡನೇ ಸಲ.

ಗೇಟು ದಾಟಿ ಬೆಟ್ಟ ಹತ್ತಿದರೆ, ಹಿಮ ಅವಳು ಅಂದುಕೊಂಡಂತಿರಲಿಲ್ಲ. ಮೊದಲು ಸಿಕ್ಕಿದ್ದು ಕಾರು ನಿಲ್ಲಿಸುವ ಜಾಗ, ಆಮೇಲೆ ಕೆಸರು, ಆಮೇಲೆ ಬಿಸಿ ಚಿಪ್ಸಿಗೆ ಸಾಲು, ಬಾಡಿಗೆ ಬೂಟು ಕಚ್ಚುತ್ತಿದೆಯೆಂದು ರಂಪ ಮಾಡುವ ಮೆಲ್ಬರ್ನಿನ ಮಕ್ಕಳು. ಮಕ್ಕಳ ಅಳು ಕೇಳಿ ಅವಳಿಗೆ ಧೈರ್ಯ ಬಂತು. ಅದು ಗೊತ್ತಿದ್ದ ಲೋಕ. ಜನರನ್ನು ದಾಟಿ, ಗುಂಪು ಗುಂಪಾಗಿ ಬಾಗಿದ ಮರಗಳ ಹಿಂದೆ ಹೋದಳು. ಅಲ್ಲಿ ಯಾರೂ ತುಳಿಯದ ಬಿಳುಪಿತ್ತು. ಕೈಗವಸು ಕಳಚಿ ಒಂದು ಹಿಡಿ ಬಾಯಿಗಿಟ್ಟುಕೊಂಡಳು. ಕ್ಯಾಂಟೀನಿನ ಫ್ರೀಜರಿನ ಗೋಡೆ ಕೆರೆದಾಗ ಉದುರುವ ಪುಡಿಯ ರುಚಿ. ಇಷ್ಟಕ್ಕಾಗಿ ಹನ್ನೊಂದು ವರ್ಷ! ಒಬ್ಬಳೇ ನಕ್ಕಳು. ಆದರೂ ಇನ್ನೊಂದು ಹಿಡಿ ತಿಂದಳು, ಮತ್ತೊಂದನ್ನೂ. ಪೆಟ್ಟಿಗೆಯನ್ನು ಒತ್ತಿ ಒತ್ತಿ ತುಂಬಿಸಿ, ಮುಚ್ಚಳಕ್ಕೆ ತನ್ನ ಉಣ್ಣೆಯ ಶಾಲು ಬಿಗಿದಳು.

ನಾಲ್ಕೂವರೆಗೆ ಬ್ರೈಟಿಗೆ ಬಂದಾಗ ನೆವಿಲ್ ಹುಲ್ಲಿನ ಮೇಲೆ ಕಾಲು ಚಾಚಿ ಕುಳಿತಿದ್ದ. ಸುತ್ತ ಏನೂ ಇರಲಿಲ್ಲ.

"ಎಲ್ಲೋ ನಿನ್ನ ಕಾಲು?"

"ಒಂದು ಪೈ ತರೋಕೆ ಹೋಗಿದ್ದೆ ಅಷ್ಟೇ. ಐದೇ ನಿಮಿಷ. ಬಂದ್ ನೋಡ್ತೀನಿ, ಗಂಡ ಹೆಂಡ್ತಿ ಟ್ರೈಲರಿಗೆ ಏರಿಸ್ಕೊಂಡ್ ಹೊರಟೇ ಬಿಟ್ಟಿದ್ರು. 'ನಂದು, ನಂದು!' ಅಂತ ಓಡ್ದೆ. ಅವ್ರು ಕೈ ಬೀಸಿ 'ಥ್ಯಾಂಕ್ಸ್' ಅಂದ್ರು ಕಣೇ!"

"ಶೀಸೆ?"

"ಅವೂನೂ."

ಗ್ಲೆನಿಸ್ ನಗಬಾರದೆಂದುಕೊಂಡಳು. ಆಗಲಿಲ್ಲ. ನಕ್ಕೂ ನಕ್ಕೂ ಸುಸ್ತಾದ ಮೇಲೆ ಅವನ ಪಕ್ಕ ಕುಳಿತು ಶಾಲು ಬಿಚ್ಚಿದಳು. ಗಂಡನ ಕಿವಿಗಳು ಚಳಿಗೆ ಕೆಂಪಾಗಿದ್ದವು. ಶಾಲನ್ನು ಅವುಗಳ ಮೇಲೆ ಸುತ್ತಿದಳು. ಮುಚ್ಚಳ ತೆರೆದಾಗ ಅವನು ಒಳಗೆ ಇಣುಕಿದ, ಅಂಗಡಿಯಲ್ಲಿ ಸಾಮಾನು ನೋಡುವ ಅದೇ ಕಣ್ಣಿನಿಂದ. ಒಂದು ಬೆರಳು ಅದ್ದಿ ನೆಕ್ಕಿದ.

"ಇಷ್ಟೇನಾ?"

"ಇಷ್ಟೇ."

ಇನ್ನೊಮ್ಮೆ ಅದ್ದಲು ಹೋದ ಕೈಗೆ ಪಟ್ಟೆಂದು ಹೊಡೆದು ಅವಳು ಮುಚ್ಚಳ ಹಾಕಿದಳು. "ಸಾಕು. ಇದು ಟಿಲ್ಲೀದು. ಎದ್ದು ಕಾರಲ್ಲಿ ಕೂತ್ಕೋ. ಆ ಕಡೆ ಸೀಟು."

ಪೆಟ್ಟಿಗೆಯನ್ನು ಅವನ ಮಡಿಲಲ್ಲಿಟ್ಟು ಅವಳು ಸ್ಟೀರಿಂಗ್ ಹಿಡಿದಳು. ಊರಿಗೆ ಹೋಗುವ ದಾರಿಯಲ್ಲಿ ನಾಲ್ಕು ಅಂಗಡಿಗಳು ಇನ್ನೂ ತೆರೆದಿದ್ದವು. ಒಂದೊಂದು ಬಂದಾಗಲೂ ನೆವಿಲ್ ಕುತ್ತಿಗೆ ತಿರುಗಿಸಿ ನೋಡಿದ. ಗ್ಲೆನಿಸ್ ವೇಗ ತಗ್ಗಿಸಲಿಲ್ಲ. ಅವಳ ಮಡಿಲಲ್ಲೀಗ ಏನೂ ಇರಲಿಲ್ಲ, ಹಿಮ ಕರಗುವುದರೊಳಗೆ ಟಿಲ್ಲಿಯ ಮನೆಯ ಫ್ರೀಜರ್ ಸೇರಬೇಕಿತ್ತು.